ವಾರಸುದಾರರಿಲ್ಲದ ಡಬ್ಬಿ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ, ಧಾರವಾಡದ ಬಸ್ಸು ನಿಲ್ಲುವ ಜಾಗದ ಎದುರಿಗೆ, ಮೊಣಕಾಲೆತ್ತರದ ಒಂದು ಕಲ್ಲಿನ ಕಟ್ಟೆ ಇದೆ. ಊರವರು ಅದನ್ನು ಬುತ್ತಿ ಕಟ್ಟೆ ಅನ್ನುತ್ತಾರೆ. ಸುತ್ತಲಿನ ಹಳ್ಳಿಗಳ ತಾಯಂದಿರು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಪಲ್ಯೆ ಮಾಡಿ, ಸ್ಟೀಲಿನ ಡಬ್ಬಿಗೆ ತುಂಬಿ, ಅರಿವೆಯಲ್ಲಿ ಗಂಟು ಕಟ್ಟಿ, ಏಳೂವರೆಯೊಳಗೆ ಆ ಕಟ್ಟೆಗೆ ಮುಟ್ಟಿಸಿದರೆ ಅವರ ಕೆಲಸ ಮುಗಿಯಿತು. ಧಾರವಾಡದಲ್ಲಿ ಖೋಲಿ ಹಿಡಿದು ಓದುವ ಮಕ್ಕಳು ಒಂಬತ್ತಕ್ಕೆ ಅಲ್ಲಿಯ ನಿಲ್ದಾಣಕ್ಕೆ ಬಂದು ತಂತಮ್ಮ ಡಬ್ಬಿ ಇಳಿಸಿಕೊಳ್ಳುತ್ತಾರೆ. ನಡುವಿನ ದಾರಿಯಲ್ಲಿ ಡಬ್ಬಿಯ ಜೊತೆ ಮನೆಯವರು ಯಾರೂ ಇರುವುದಿಲ್ಲ. ಹಿಂದಿನ ಸೀಟಿನಡಿ ಕುಳಿತು, ಟಿಕೀಟಿನ ಹಂಗಿಲ್ಲದೆ, ಅದು ತಾನೊಂದೇ ಪ್ರಯಾಣ ಮಾಡುತ್ತದೆ.

ಕಟ್ಟೆಯ ಯಜಮಾನಿಕೆ ಕೃಷ್ಣವ್ವನದು. ವಯಸ್ಸು ಐವತ್ತೆಂಟು, ಓದು ನಾಲ್ಕನೇ ಇಯತ್ತೆ, ದನಿ ಮಾತ್ರ ಮೈಕಿಗೆ ನಾಚಿಕೆ ತರುವಂಥದ್ದು. ಇಪ್ಪತ್ತೆರಡು ವರ್ಷದ ಹಿಂದೆ ಮಗಳು ಸ್ನೇಹಲ್ ನರ್ಸಿಂಗ್ ಕಲಿಯಲು ಧಾರವಾಡಕ್ಕೆ ಹೋದಾಗ ಮೊದಲ ಡಬ್ಬಿ ಕಳಿಸಿದವಳು ಅವಳೇ. ನೆರೆಮನೆಯವಳು ನಮ್ಮ ಹುಡುಗನದೂ ಒಂದು ಇಡವಾ ಅಂದಳು, ಅವಳ ತಂಗಿ ನನ್ನದೂ ಒಂದು ಅಂದಳು. ಸ್ನೇಹಲ್ ಓದು ಮುಗಿಸಿ ಕಿತ್ತೂರಿನಲ್ಲಿ ನರ್ಸಾದಳು, ಮದುವೆಯಾದಳು, ಎರಡು ಮಕ್ಕಳ ತಾಯಿಯೂ ಆದಳು. ಡಬ್ಬಿಗಳು ಮಾತ್ರ ನಿಲ್ಲಲಿಲ್ಲ. ಈಗ ದಿನಕ್ಕೆ ನೂರೆಂಬತ್ತರ ಆಸುಪಾಸು, ಡಬ್ಬಿಗಿಷ್ಟೆಂದು ತಿಂಗಳಿಗೆ ಬರುವ ದುಡ್ಡೇ ಅವಳ ಜೀವನ. ಇಷ್ಟು ವರ್ಷದಲ್ಲಿ ಒಂದೂ ಕಳೆದಿಲ್ಲ. ಒಂದೇ ಒಂದು ಸಲ ಎರಡು ಡಬ್ಬಿ ಅದಲುಬದಲಾಗಿ ಆಚಾರರ ಮಗನ ಕೈಗೆ ಕೋಳಿ ಸಾರು ಸಿಕ್ಕಿತ್ತು. ಆ ಹುಡುಗ ಈವರೆಗೂ ಮನೆಯಲ್ಲಿ ಹೇಳಿಲ್ಲ, ಕೃಷ್ಣವ್ವನೂ ಬಾಯಿ ಬಿಟ್ಟಿಲ್ಲ.

ಹೋದ ವರ್ಷ ದೇಶದ ತುಂಬ ಸೈರನ್ ಊದಿ ಅಣಕು ಕಾರ್ಯಾಚರಣೆ ಮಾಡಿದರಲ್ಲ, ಅದರ ಬೆನ್ನಿಗೇ ಸಣ್ಣ ಊರುಗಳ ನಿಲ್ದಾಣಗಳಿಗೂ ಭದ್ರತೆಯ ಯೋಗ ಬಂತು. ಒಂದು ದಿನ ತಗಡಿನ ದೊಡ್ಡ ಟ್ರಂಕು ಬಂದಿಳಿಯಿತು. ಒಳಗೆ ಲೋಹ ಶೋಧಕದ ಕೋಲು, ಬೆಂಕಿ ಆರಿಸುವ ಸಿಲಿಂಡರು, ಮಡಚುವ ಸ್ಟ್ರೆಚರು, ಹಳದಿ ಜಾಕೀಟು, ಸೀಟಿಗಳು. ನಿಲ್ದಾಣದ ಕಂಟ್ರೋಲರ್ ಮುಕುಂದ ಅವನ್ನೆಲ್ಲ ಪಟ್ಟಿಗೆ ತಾಳೆ ನೋಡಿ, ಕಳುವಾದೀತೆಂದು ಟ್ರಂಕಿಗೆ ಕೀಲಿ ಹಾಕಿ, ಟ್ರಂಕನ್ನು ಖೋಲಿಯೊಳಗಿಟ್ಟು, ಖೋಲಿಗೂ ಕೀಲಿ ಹಾಕಿದ. ಬೆಂಕಿ ಹತ್ತಿದರೆ ಎರಡು ಕೀಲಿ ಹುಡುಕುವಷ್ಟು ಪುರುಸೊತ್ತು ಬೆಂಕಿಗೆ ಇರುತ್ತದೋ ಇಲ್ಲವೋ, ಅದನ್ನು ಯಾರೂ ಕೇಳಲಿಲ್ಲ. ಕಂಬಕ್ಕೊಂದು ಬೋರ್ಡು ಹಚ್ಚಿದರು: ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಕೂಡಲೇ ತಿಳಿಸಿ. ಆ ಬೋರ್ಡಿನ ಕೆಳಗೇ ವಾರಸುದಾರರಿಲ್ಲದ ನೂರೆಂಬತ್ತು ಡಬ್ಬಿಗಳು ದಿನಾ ಬೆಚ್ಚಗೆ ಕುಳಿತಿರುತ್ತಿದ್ದವು.

ಆಮೇಲೆ ಬಂದದ್ದು ಪರೀಕ್ಷೆ. ಜಿಲ್ಲೆಯಿಂದ ಒಂದು ತಂಡ ಯಾರಿಗೂ ಸುಳಿವು ಕೊಡದೆ ಬಂತು. ತಂಡದ ಮುಖ್ಯಸ್ಥೆ ಶರ್ವರಿ, ಮೂವತ್ತೆರಡರ ಹೆಣ್ಣುಮಗಳು, ಚುರುಕು ಕಣ್ಣು, ಕೈಯಲ್ಲಿ ಯಾವಾಗಲೂ ಗಡಿಯಾರ. ಮಂಗಳವಾರ ಏಳೂಕಾಲಕ್ಕೆ ಅವಳ ಕಡೆಯವನೊಬ್ಬ ಅರಿವೆ ಸುತ್ತಿದ ಸ್ಟೀಲಿನ ಡಬ್ಬಿಯೊಂದನ್ನು ನಿಲ್ದಾಣದೊಳಗೆ ಬಿಟ್ಟು ಹೋದ. ಬಿಟ್ಟದ್ದಾದರೂ ಎಲ್ಲಿ? ಖಾಲಿ ಕಂಡ ಕಟ್ಟೆಯ ಮೂಲೆಯಲ್ಲಿ.

ಕೃಷ್ಣವ್ವನ ಕಣ್ಣಿಗೆ ಅದು ಬಿದ್ದದ್ದು ಏಳು ಇಪ್ಪತ್ತೈದಕ್ಕೆ. ಹೆಸರಿನ ಚೀಟಿ ಇಲ್ಲ. "ಇದ ಯಾರದವಾ?" ಎಂದು ಎರಡು ಸಲ ಕೂಗಿದಳು. ಯಾರೂ ನಮ್ಮದು ಅನ್ನಲಿಲ್ಲ. ಯಾವಳೋ ಹೊಸಬಳು, ಊರಿನ ಬಸ್ಸು ತಪ್ಪೀತೆಂದು ಗಾಬರಿಯಲ್ಲಿ ಇಟ್ಟು ಓಡಿದ್ದಾಳೆ ಅಂದುಕೊಂಡಳು. ಇಲ್ಲೇ ಬಿಟ್ಟರೆ ಅಲ್ಲಿ ಒಂದು ಕೂಸು ಮಧ್ಯಾಹ್ನ ನೀರು ಕುಡಿದು ಮಲಗಬೇಕಾಗುತ್ತದೆ. ಒಂದು ಚೀಟಿಯ ಮೇಲೆ 'ಹೆಸರಿಲ್ಲ, ಕೇಳಿದವರಿಗೆ ಕೊಡ್ರಿ' ಎಂದು ಬರೆದು ಗಂಟಿಗೆ ಸಿಕ್ಕಿಸಿ, ಅದನ್ನು ಕಂಡಕ್ಟರ್ ಲಗಮಣ್ಣನ ಕೈಗೇ ಕೊಟ್ಟಳು. "ಜ್ವಾಕಿ, ತಮ್ಮಾ. ಹೊಸಾ ಕೂಸಿಂದ ಐತಿ." ಏಳೂವರೆಗೆ ಬಸ್ಸು ಬಿಟ್ಟಿತು.

ಏಳು ನಲವತ್ತಕ್ಕೆ ಮುಕುಂದ ಮೈಕಿನ ಮುಂದೆ ಕುಳಿತು, ಶರ್ವರಿಯ ತಂಡದವರು ಕೈಗೆ ಕೊಟ್ಟಿದ್ದ ಕಾಗದ ಓದಿದ. "ಸಾರ್ವಜನಿಕರ ಗಮನಕ್ಕೆ. ನಿಲ್ದಾಣದಲ್ಲಿ ಸಂಶಯಾಸ್ಪದ ವಸ್ತುವೊಂದು ಪತ್ತೆಯಾಗಿದೆ. ಎಲ್ಲರೂ ಶಾಂತರೀತಿಯಿಂದ ಹೊರನಡೆಯತಕ್ಕದ್ದು." ಜನ ಶಾಂತರಾಗಿಯೇ ಇದ್ದರು, ಹೊರಗೆ ಮಾತ್ರ ಯಾರೂ ನಡೆಯಲಿಲ್ಲ. ಹೊರಗಿದ್ದವರೂ ಏನಂತ ನೋಡಲು ಒಳಗೆ ಬಂದರು. ಚಹದ ಅಂಗಡಿಯವರು ಕಪ್ಪು ಹಿಡಿದೇ ಬಂದರು. ಶರ್ವರಿಯ ತಂಡ ಗುಂಪು ಸರಿಸಿ ಕಟ್ಟೆಯ ಮೂಲೆಗೆ ಹೋಗಿ ನೋಡಿದರೆ ಅಲ್ಲಿ ಬಾಂಬೇ ಇಲ್ಲ.

ಬಾಂಬು ಸಿಕ್ಕದ್ದು ಹತ್ತು ಗಂಟೆಗೆ, ಧಾರವಾಡದಲ್ಲಿ. ಎಲ್ಲ ಮಕ್ಕಳು ತಮ್ಮ ತಮ್ಮ ಡಬ್ಬಿ ಒಯ್ದ ಮೇಲೆ ಒಂದು ಉಳಿಯಿತೆಂದು ಲಗಮಣ್ಣ ಗಂಟು ಬಿಚ್ಚಿದ. ಒಳಗೆ ವಾಯರು, ಬ್ಯಾಟರಿ, ಒಂದು ಮುದ್ದೆ ಮಣ್ಣು, ಮೇಲೊಂದು ಚೀಟಿ: 'ಇದು ಅಣಕು ಸ್ಫೋಟಕ.' ಬೈಲಹೊಂಗಲದಲ್ಲಿ ಸಿಡಿಯಬೇಕಾದ್ದನ್ನು ಕೃಷ್ಣವ್ವ ಜ್ವಾಕಿ ಮಾಡಿ, ಚೀಟಿ ಹಚ್ಚಿ, ಮತ್ತೊಂದು ಊರಿಗೆ ಮುಟ್ಟಿಸಿದ್ದಳು. ಮಧ್ಯಾಹ್ನದೊಳಗೆ ಈ ಸುದ್ದಿ ಸವದತ್ತಿ, ರಾಮದುರ್ಗದ ನಿಲ್ದಾಣಗಳಿಗೂ ಮುಟ್ಟಿ, ಕಂಡಕ್ಟರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಎರಡು ದಿನ ಇತ್ತು. ಮೂರನೆಯ ದಿನ ಆದೇಶ ಬಂತು. ಬರುವ ತಿಂಗಳು ಒಂದನೆಯ ತಾರೀಖಿನಿಂದ, ಜೊತೆಗೆ ಪ್ರಯಾಣಿಕರಿಲ್ಲದ ಯಾವ ಚೀಲ, ಗಂಟು, ಡಬ್ಬಿಯನ್ನೂ ಬಸ್ಸಿನಲ್ಲಿ ಕಳಿಸುವಂತಿಲ್ಲ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರೆ. ಇಲ್ಲಿ ಕೊಳ್ಳೆಯೇ ಆಗಿರಲಿಲ್ಲ, ಬಾಗಿಲು ಮಾತ್ರ ಗಟ್ಟಿಯಾಗಿ ಹಾಕಿದರು.

ಆದೇಶ ತಿಳಿಸಲು ಶರ್ವರಿ ತಾನೇ ಬಂದಳು. ಕಾಗದವನ್ನು ಗೋಡೆಗೆ ಅಂಟಿಸಿ ಹೋಗಬಹುದಿತ್ತು, ಹಾಗೆ ಮಾಡಲಿಲ್ಲ. ಅಷ್ಟಕ್ಕೇ ಅವಳನ್ನು ಮೆಚ್ಚಬೇಕು. ಕಟ್ಟೆಯ ಮೇಲೆ ಕುಳಿತು, ಓದಿ ಹೇಳಿದಳು.

ಕೃಷ್ಣವ್ವ ಕೇಳಿಸಿಕೊಂಡಳು. ತನ್ನ ಅನ್ನ ಹೋಯಿತಲ್ಲ ಅನ್ನುವುದು ಆಮೇಲಿನ ಮಾತು. ಮೊದಲು ಕಣ್ಣಿಗೆ ಬಂದದ್ದು ಧಾರವಾಡದ ನಿಲ್ದಾಣದಲ್ಲಿ ಬರಿಗೈಯಲ್ಲಿ ನಿಂತ ಹುಡುಗರು, ಹುಡುಗಿಯರು. ಮೆಸ್ಸಿನ ಊಟ ಕೊಳ್ಳುವ ತ್ರಾಣ ಇದ್ದವರು ಡಬ್ಬಿಯ ದಾರಿ ಯಾಕೆ ಕಾಯುತ್ತಿದ್ದರು?

"ಬಾಯಾರ, ತಪ್ಪ ನಂದ ಐತಿ," ಅಂದಳು. "ಖರೆ ಒಂದ ಮಾತ ಕೇಳ್ರಿ. ಆ ಡಬ್ಬಿ ನನ್ನ ಡಬ್ಬಿಗೋಳ ಪೈಕಿ ಅಲ್ಲಂತ ನನಗ ಕಂಡ ಕೂಡ್ಲೇನ ಗೊತ್ತಾಗಿತ್ತು. ನಿಮ್ಮ ಬೋರ್ಡಿಗೂ ಗೊತ್ತಾಗಲಿಲ್ಲ, ಇಲ್ಲಿದ್ದ ಪೋಲೀಸನವಗೂ ಗೊತ್ತಾಗಲಿಲ್ಲ. ನನಗ ಗೊತ್ತಾತು. ಗೊತ್ತಾದ ಮ್ಯಾಲ ಏನ ಮಾಡಬೇಕಂತ ನನಗ ಯಾರೂ ಹೇಳಿರಲಿಲ್ಲರಿ. ನನಗ ತಿಳದದ್ದು ಕೂಸು ಉಪವಾಸ ಬೀಳಬಾರದು ಅನ್ನೂದೊಂದ."

ಶರ್ವರಿ ಆದೇಶದ ಕಾಗದ ಮಡಚಿದಳು. ಈ ಸಲ ಗಡಿಯಾರ ನೋಡಲಿಲ್ಲ. "ಇದನ್ನ ನಾ ವರದಿಯೊಳಗ ಬರದಿದ್ದೇ ಇಲ್ಲ ನೋಡ್ರಿ," ಅಂದಳು. "ಒಂದನೇ ತಾರೀಖಿಗೆ ಇನ್ನೂ ಹದಿನೆಂಟು ದಿನ ಅದ. ಅಷ್ಟರೊಳಗ ನಾ ಮತ್ತೊಂದು ಪರೀಕ್ಷೆ ಮಾಡ್ತೀನಿ. ಯಾವಾಗಂತ ಹೇಳೂದಿಲ್ಲ, ಯಾವ ಥರಾ ಅಂತನೂ ಹೇಳೂದಿಲ್ಲ. ನೀವು ಹಿಡದ್ರ ಈ ಆದೇಶ ತಿದ್ದಸಲಿಕ್ಕೆ ನಾ ಮ್ಯಾಲಿನವರ ಮುಂದ ಕೂಡ್ತೀನಿ. ಹಿಡೀಲಿಲ್ಲಂದ್ರ ನನ್ನ ಬಾಯಿ ಕಟ್ತು."

"ಆತ ಬಿಡ್ರಿ," ಅಂದಳು ಕೃಷ್ಣವ್ವ.

ಅವತ್ತೇ ಟ್ರಂಕಿನ ಎರಡೂ ಕೀಲಿ ಬಿಚ್ಚಿಸಿದರು. ಸರಕಾರದ ಸಾಮಾನುಗಳನ್ನು ಕಟ್ಟೆಯ ಮೇಲೆ ಪರೀಕ್ಷಿಸಿ ನೋಡುವುದೆಂದಾಯಿತು. ಲೋಹ ಶೋಧಕವನ್ನು ಡಬ್ಬಿಗಳ ಮೇಲೆ ಆಡಿಸಿದರೆ ನೂರೆಂಬತ್ತಕ್ಕೆ ನೂರೆಂಬತ್ತೂ ಕುಂಯ್ ಅಂದವು. ಸ್ಟೀಲಿನ ಡಬ್ಬಿ ಮತ್ತೇನು ಮಾಡೀತು? ಮರುದಿನ ಮೂಸುವ ನಾಯಿಯನ್ನು ಕರೆತಂದರು. ಗಂಭೀರ ನಾಯಿ, ನಡಿಗೆಯಲ್ಲಿ ಸಾಹೇಬರ ಗತ್ತು. ಮೂರನೆಯ ಸಾಲಿನಲ್ಲಿ ಯಾರದೋ ಕೆಂಪು ಖಾರದ ಗಂಟು ಮೂಸಿ ಸೀನತೊಡಗಿದ್ದು ಹನ್ನೊಂದು ಸಲ ಸೀನಿತು. ಆಮೇಲೆ ಅದು ಕಟ್ಟೆಯ ಕಡೆ ತಿರುಗಿ ನೋಡಲಿಲ್ಲ.

ಶರ್ವರಿ ನಕ್ಕು ಬಿಟ್ಟಳು. ಆಮೇಲೆ ಸೀಟಿಯೊಂದನ್ನು ದಾರಕ್ಕೆ ಕಟ್ಟಿ ಕೃಷ್ಣವ್ವನ ಕೊರಳಿಗೆ ಹಾಕಿ, ಮೂರೇ ಮಾತು ಕಲಿಸಿದಳು. ಮುಟ್ಟಬಾರದು. ಸೀಟಿ ಊದಬೇಕು. ಜನರನ್ನು ದೂರ ಸರಿಸಬೇಕು. ಕೃಷ್ಣವ್ವ ತನ್ನದೊಂದು ಕಾನೂನು ತಾನೇ ಮಾಡಿಕೊಂಡಳು: ಇನ್ನು ಮೇಲೆ ಯಾರೂ ಡಬ್ಬಿಯನ್ನು ತಾವಾಗಿ ಕಟ್ಟೆಯ ಮೇಲೆ ಇಡುವಂತಿಲ್ಲ. ತಾಯಿಯ ಕೈಯಿಂದ ಕೃಷ್ಣವ್ವನ ಕೈಗೆ, ಅಲ್ಲಿಂದ ಕಂಡಕ್ಟರನ ಕೈಗೆ. ಕಳಿಸಿದವರ ಹೆಸರು, ಮುಟ್ಟುವವರ ಹೆಸರು, ಎರಡೂ ಚೀಟಿಯ ಮೇಲೆ ಇರಲೇಬೇಕು.

ಒಂದು ವಾರ ಹೋಯಿತು. ಹತ್ತು ದಿನ ಹೋದವು. ಕೃಷ್ಣವ್ವ ಊಟ ಮಾಡುವಾಗಲೂ ಡಬ್ಬಿ ಎಣಿಸುತ್ತಿದ್ದಳು. ಕಿತ್ತೂರಿನಿಂದ ಸ್ನೇಹಲ್ ಫೋನು ಮಾಡಿ, "ಯವ್ವಾ, ಹೋದರ ಹೋಗಲಿ ಬಿಡ, ನಮ್ಮ ಮನಿಗೆ ಬಾ," ಅಂದಾಗ ರೇಗಿದಳು. "ನಿನಗ ಹೊಟ್ಟಿ ತುಂಬೇತಿ, ಅದಕ್ಕ ಮಾತಾಡಾಕತ್ತಿ," ಅಂದು ಫೋನಿಟ್ಟಳು. ಅಂದದ್ದಕ್ಕೆ ಆಮೇಲೆ ತಾನೇ ಮರುಗಿದಳು.

ಹದಿಮೂರನೆಯ ದಿನ ಗುರುವಾರ. ಸವದತ್ತಿಯಿಂದಲೂ ರಾಮದುರ್ಗದಿಂದಲೂ ಬಂದ ಬಸ್ಸುಗಳು ಒಟ್ಟಿಗೇ ಒಳಹೊಕ್ಕು ನಿಲ್ದಾಣ ಗಿಜಿಗುಡುತ್ತಿತ್ತು. ಕಟ್ಟೆಯ ಸುತ್ತ ಹೆಂಗಸರ ನೂಕಾಟ. ಕೃಷ್ಣವ್ವ ಎರಡು ಕೈಯಲ್ಲಿ ಡಬ್ಬಿ ತೆಗೆದುಕೊಂಡು ಸಾಲು ಹಚ್ಚುತ್ತಿದ್ದಳು. ಏಳು ಇಪ್ಪತ್ತಕ್ಕೆ ಗದ್ದಲ ಇಳಿಯಿತು. ಬಸ್ಸಿಗೆ ಏರಿಸುವ ಮುಂಚೆ ಅವಳು ದಿನವೂ ಮಾಡುವ ಹಾಗೆ ಸಾಲುಗಳ ಮೇಲೆ ಅಂಗೈ ಆಡಿಸುತ್ತ ನಡೆದಳು. ಮುಟ್ಟದೆ, ನಾಲ್ಕು ಬೆರಳು ಮೇಲೆ, ಹಂಚು ಕಾಯ್ದಿದೆಯೋ ಇಲ್ಲವೋ ನೋಡುವಂತೆ. ಬಿಸಿ ರೊಟ್ಟಿಯ ಉಗಿ ಅರಿವೆಯ ಮೂಲಕ ಕೈಗೆ ತಾಗುತ್ತಿತ್ತು. ಬೆಚ್ಚಗೆ, ಬೆಚ್ಚಗೆ, ಬೆಚ್ಚಗೆ. ನಾಲ್ಕನೆಯ ಸಾಲಿನ ನಡುವೆ ಒಂದು ಕಡೆ ಕೈಗೆ ಏನೂ ತಾಗಲಿಲ್ಲ.

ಅವಳು ನಿಂತಳು. ಹಳೆಯ ಡಬ್ಬಿ, ತಗ್ಗು ಬಿದ್ದ ಮುಚ್ಚಳ, ಹೂವಿನ ಚಿತ್ರದ ಅರಿವೆ. ಎರಡು ವರ್ಷದಿಂದ ಈ ಕಟ್ಟೆಯ ಮೇಲೆ ಕೂತು ಎದ್ದ ಡಬ್ಬಿಯೇ. ಚೀಟಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಕಳಿಸಿದವರು ಸೋಮವ್ವ, ಸಂಪಗಾಂವ. ಮುಟ್ಟಬೇಕಾದವರು ಗೌತಮ, ಧಾರವಾಡ. ಎಲ್ಲವೂ ಸರಿಯಾಗಿತ್ತು. ಗಂಟು ಮಾತ್ರ ಬೂಟಿನ ಲೇಸು ಕಟ್ಟಿದ ಹಾಗೆ ಎರಡು ಕಿವಿ ಬಿಟ್ಟುಕೊಂಡು ನಿಂತಿತ್ತು. ಸೋಮವ್ವ ಅರಿವೆಯ ನಾಲ್ಕೂ ತುದಿಯ ಚುಂಗು ಸೇರಿಸಿ ಹುಲ್ಲಿನ ಹೊರೆ ಬಿಗಿದಂತೆ ಕಟ್ಟುವವಳು. ಆ ಗಂಟು ಬಿಚ್ಚಲು ಗೌತಮನಿಗೆ ಹಲ್ಲು ಬೇಕಾಗುತ್ತಿತ್ತು.

ಗೌತಮ. ಮೊನ್ನೆ ಮಂಗಳವಾರ ಪರೀಕ್ಷೆ ಮುಗಿಸಿ, ಗಂಟುಮೂಟೆ ಸಮೇತ ಇದೇ ಕಟ್ಟೆಯ ಮುಂದೆ ಇಳಿದು, "ಆಯಿ, ಹದಿನೈದ ದಿನಾ ಸೂಟಿ, ನನ್ನ ಡಬ್ಬಿಗೂ ಸೂಟಿ," ಎಂದು ನಕ್ಕು ಸಂಪಗಾಂವದ ಬಸ್ಸು ಹತ್ತಿದ್ದ. ಮನೆಯಲ್ಲಿ ತಾಯಿಯ ಎದುರಿಗೇ ಉಣ್ಣುತ್ತಿರುವ ಹುಡುಗನಿಗೆ ಧಾರವಾಡಕ್ಕೆ ಡಬ್ಬಿ ಕಳಿಸುವವರು ಯಾರು?

ಆದರೂ ಕೈ ಸೀಟಿಯವರೆಗೆ ಹೋಗಿ ತಡೆಯಿತು. ಹುಡುಗ ಏನಾದರೂ ಕೆಲಸಕ್ಕೆಂದು ನಿನ್ನೆ ತಿರುಗಿ ಹೋಗಿದ್ದರೆ? ಸೋಮವ್ವನ ಬೆರಳಿಗೆ ಗಾಯವಾಗಿ ಬೇರೆ ಯಾರೋ ಗಂಟು ಕಟ್ಟಿದ್ದರೆ? ಸುಳ್ಳು ಸೀಟಿ ಊದಿದರೆ ನಾಲ್ಕು ನೂರು ಜನರ ಮುಂದೆ ನಗೆಪಾಟಲು. ಇವತ್ತಿನ ಬುತ್ತಿಯೂ ಹೋಯಿತು, ಒಂದನೇ ತಾರೀಖಿನ ಆಸೆಯೂ ಹೋಯಿತು. ಹೋದ ಸಲವೂ ಕೂಸು ಉಪವಾಸ ಬಿದ್ದೀತೆಂಬ ಇದೇ ಮರುಕ ಅವಳ ಕೈ ಹಿಡಿದಿತ್ತು. ಕೃಷ್ಣವ್ವ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, ಸೀಟಿ ಊದಿದಳು.

ಮುಕುಂದ ಓಡಿ ಬಂದ. ಬಂದವನೇ ಮತ್ತೆ ಖೋಲಿಗೆ ಓಡಿ ಅದೇ ಕಾಗದ ಎತ್ತಿಕೊಂಡ. ಕೃಷ್ಣವ್ವ ಬೆನ್ನ ಹಿಂದೆಯೇ ಹೋಗಿ ಕಾಗದ ಕಸಿದುಕೊಂಡಳು.

"ಅದನ್ನ ಓದಬ್ಯಾಡ. ಬಾಂಬ್ ಅಂದ್ರ ಮಂದಿ ನೋಡಾಕ ಬರತೈತಿ. ಬಸ್ ಅನ್ನು, ತಾನ ಹೊರಗ ಹೋಗತೈತಿ."

ಮುಕುಂದನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಅರಳಿತು. ಮೊದಲು ಡ್ರೈವರುಗಳಿಗೆ ಕೈ ಮಾಡಿ ಬಸ್ಸುಗಳನ್ನು ಹೊರಗೆ ತೆಗೆಸಿದ. ಆಮೇಲೆ ಮೈಕು ಹಿಡಿದು, ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲೇ ಹೇಳಿದ. "ಕೇಳ್ರೆಪಾ, ಇವತ್ತ ಗಾಡಿಗೋಳು ಒಳಗ ನಿಂದ್ರೂದಿಲ್ಲ. ಧಾರವಾಡಕ್ಕ ಹೋಗವರು ಹಿಂದಿನ ಮೈದಾನಕ್ಕ ನಡೀರಿ. ಕಿತ್ತೂರವರು ಸಾಲಿ ಮುಂದಿನ ರಸ್ತಾಕ್ಕ. ಸವದತ್ತಿ, ರಾಮದುರ್ಗದವರು ದೊಡ್ಡ ಗೇಟಿನ ಹೊರಗ. ಸೀಟ ಭಾಳ ಅದಾವು, ಸಾವಕಾಶ ನಡೀರಿ, ಮುದುಕರನ ಬಿಟ್ಟ ಹೋಗಬ್ಯಾಡ್ರಿ."

ಸೀಟು ಭಾಳ ಅದಾವು ಅಂದ ಮೇಲೆ ಯಾರು ನಿಂತಾರು? ಚೀಲ ಹೆಗಲಿಗೇರಿದವು, ಕೂಸುಗಳು ಕಂಕುಳಿಗೇರಿದವು. ಮೂರು ದಿಕ್ಕಿಗೆ ಮೂರು ಸಾಲು ಹರಿದವು. ಹೋದ ಸಲ ಕಪ್ಪು ಹಿಡಿದು ಬಂದಿದ್ದ ಚಹದ ಗಿರಾಕಿಗಳೂ ಕಪ್ಪು ಇಟ್ಟು ಹೊರಟರು. ಕಟ್ಟೆಯಿಂದ ಐವತ್ತು ಹೆಜ್ಜೆ ದೂರ ನಿಂತು ಕೃಷ್ಣವ್ವ ಎರಡೂ ಕೈ ಚಾಚಿ, ಡಬ್ಬಿಗಳ ಕಡೆ ಯಾರೂ ಬಾರದಂತೆ ತಡೆದಳು. ಕೊನೆಗೆ ಆ ನಿಲ್ದಾಣದಲ್ಲಿ ಉಳಿದದ್ದು ಒಂದು ಬೀದಿನಾಯಿ, ನೂರೆಂಬತ್ತು ಡಬ್ಬಿ, ಮತ್ತು ಕಂಬದ ಹಿಂದಿನಿಂದ ಹೊರಬಂದ ಶರ್ವರಿ.

ಶರ್ವರಿ ಗಡಿಯಾರ ತೋರಿಸಿದಳು. "ಸೀಟಿ ಊದಿದ ಮ್ಯಾಲ ನಾಲ್ಕು ನಿಮಿಷ ಹತ್ತು ಸೆಕೆಂಡ್. ನಮ್ಮ ಪುಸ್ತಕದೊಳಗ ಹನ್ನೆರಡು ನಿಮಿಷ ಅಂತ ಬರದದ." ಅವಳು ಹೂವಿನ ಅರಿವೆಯ ಡಬ್ಬಿಯ ಕಡೆ ಕೈ ಮಾಡಿದಳು. "ಚೀಟಿ ಸರಿ ಇತ್ತು, ಡಬ್ಬಿ ಸರಿ ಇತ್ತು. ಗದ್ದಲದಾಗ ಇಟ್ಟಾಕಿನೂ ಸೀರಿ ಉಟ್ಟ ನಮ್ಮ ಪೋಲೀಸ್ ಹೆಣ್ಮಗಳು. ಹ್ಯಾಂಗ ಹಿಡದ್ರಿ?"

"ತಣ್ಣಗಿತ್ತರಿ," ಅಂದಳು ಕೃಷ್ಣವ್ವ. "ಮತ್ತ ಗೌತಮ ಮನ್ಯಾಗದಾನ. ಆ ಹುಡುಗ ಮನ್ಯಾಗಿದ್ದದ್ದಕ್ಕನ ಅಲ್ಲೇನ್ರಿ, ಸೋಮವ್ವ ನಿಮಗ ಡಬ್ಬಿ ಕಡಾ ಕೊಟ್ಟಿದ್ದು?"

ಶರ್ವರಿ ಹಣೆ ತಟ್ಟಿಕೊಂಡಳು. ಖಾಲಿ ಕುಳಿತ ಡಬ್ಬಿ ಹುಡುಕಿಕೊಂಡು ಮೂರು ಹಳ್ಳಿ ತಿರುಗಿ, ಸಂಪಗಾಂವದಲ್ಲಿ ಸಿಕ್ಕಿತೆಂದು ಅವಳು ಹಿಗ್ಗಿದ್ದಳು. ಅದು ಯಾಕೆ ಖಾಲಿ ಕುಳಿತಿದೆ ಎಂದು ಕೇಳಿಕೊಂಡಿರಲಿಲ್ಲ.

"ಅದೆಲ್ಲಾ ಇರ್ಲಿ, ಬಾಯಾರ," ಕೃಷ್ಣವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿಮ್ಮ ಬಾಂಬ್ ನೀವ ತಗೋರಿ. ನನ್ನ ಬುತ್ತಿ ಮೈದಾನಕ್ಕ ಹೋಗಬೇಕು, ಗಾಡಿ ನಿಂತಾವು."

ಕಟ್ಟೆಯಿಂದ ಮೈದಾನದವರೆಗೆ ಸಾಲು ನಿಂತಿತು. ಪೋಲೀಸರು, ತಂಡದವರು, ಮುಕುಂದ, ಹಿಂದಿರುಗಿ ಬಂದ ತಾಯಂದಿರು. ಕೈಯಿಂದ ಕೈಗೆ, ಕೈಯಿಂದ ಕೈಗೆ, ನೂರೆಂಬತ್ತು ಡಬ್ಬಿಗಳು ದಾಟಿದವು. ಬೂಟು ಹಾಕಿದ ಅಧಿಕಾರಿಗಳು ಬಿಸಿ ತಾಗಿ ಹಾ ಹಾ ಅನ್ನುತ್ತಲೇ ದಾಟಿಸಿದರು. ಬಸ್ಸು ಬಿಟ್ಟದ್ದು ಇಪ್ಪತ್ತೇ ನಿಮಿಷ ತಡವಾಗಿ. ಅವತ್ತು ಧಾರವಾಡದಲ್ಲಿ ಒಂದು ಮಗುವೂ ಉಪವಾಸ ಕೂರಲಿಲ್ಲ, ಇದನ್ನು ಎರಡು ಸಲ ಬೇಕಾದರೂ ಹೇಳಬಹುದು.

ಆದರೆ ಸರಕಾರ ಅಂದ ಮೇಲೆ ಕಾಗದ ಬರುವ ತನಕ ಯಾವುದೂ ಖರೆಯಲ್ಲ. ಒಂದನೇ ತಾರೀಖು ಬಂದೇ ಬಿಟ್ಟಿತು, ಕಾಗದ ಬರಲಿಲ್ಲ. ಆ ಮುಂಜಾನೆ ಡಬ್ಬಿಗಳು ಎಂದಿನಂತೆ ಬಂದು ಕುಳಿತವು, ತಾಯಂದಿರು ಯಾರೂ ಹೋಗದೆ ನಿಂತರು. ಗೌತಮ ಕೂಡ ಬಂದಿದ್ದ. ಸೂಟಿ ಮೊಟಕು ಮಾಡಿ ತರಬೇತಿಗೆ ಸೇರಲು ಧಾರವಾಡಕ್ಕೆ ಹೊರಟಿದ್ದ. ಜೊತೆಗೆ ಸೋಮವ್ವ, ಡಬ್ಬಿ ಇಲ್ಲದ್ದಕ್ಕೆ ರೊಟ್ಟಿಯನ್ನು ಟಾವೆಲಿನಲ್ಲಿ ಸುತ್ತಿಕೊಂಡು, ಪಲ್ಯೆಯನ್ನು ಬೋಗುಣಿಯಲ್ಲಿ ಹಿಡಿದುಕೊಂಡು. ಮುಕುಂದ ಗಡಿಯಾರ ನೋಡುತ್ತಿದ್ದ, ಲಗಮಣ್ಣ ಬಸ್ಸಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಏಳು ಇಪ್ಪತ್ತಕ್ಕೆ ಬೆಳಗಾವಿಯ ಬಸ್ಸು ಬಂತು. ಕಂಡಕ್ಟರ್ ಇಳಿದವನೇ ನೇರ ಕಟ್ಟೆಗೆ ನಡೆದು, "ಕೈಯಾಗ ಕೊಡಂತ ಹೇಳ್ಯಾರ," ಎಂದು ಒಂದು ಡಬ್ಬಿ ಚಾಚಿದ. ಜೊತೆಗೆ ಯಾರೂ ಬಂದಿರಲಿಲ್ಲ. ಕೃಷ್ಣವ್ವ ಅಂಗೈ ಆಡಿಸಿದಳು. ತಣ್ಣಗಿತ್ತು. ಕೈ ತಾನಾಗಿ ಸೀಟಿಗೆ ಹೋಯಿತು, ಮುಕುಂದ ಮೈಕಿನ ಕಡೆ ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಅವಳ ಕಣ್ಣಿಗೆ ಹೂವಿನ ಅರಿವೆ ಬಿತ್ತು, ಬೂಟಿನ ಲೇಸಿನಂಥ ಎರಡು ಕಿವಿಯ ಗಂಟು ಬಿತ್ತು. ಚೀಟಿಯಲ್ಲಿತ್ತು: ಕಳಿಸಿದವರು ಶರ್ವರಿ, ಬೆಳಗಾವಿ. ಮುಟ್ಟಬೇಕಾದವರು ಕೃಷ್ಣವ್ವ, ಬುತ್ತಿ ಕಟ್ಟೆ, ಬೈಲಹೊಂಗಲ.

"ಗಂಟ ಕಟ್ಟೂದೊಂದ ಈ ಹೆಣ್ಮಗಳಿಗೆ ಯಾರೂ ಕಲಸಲಿಲ್ಲ," ಎನ್ನುತ್ತ ಸೀಟಿ ಬಿಟ್ಟು ಗಂಟು ಬಿಚ್ಚಿದಳು.

ಇಸಿದುಕೊಂಡ ಡಬ್ಬಿಯನ್ನು ಬರಿದು ಕಳಿಸಬಾರದಲ್ಲ, ಒಳಗೆ ಬೆಳಗಾವಿಯ ಸಿಹಿ, ಒಂದು ಪೊಟ್ಟಣ ಕುಂದಾ ಇತ್ತು. ಅದರ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ. ಕೃಷ್ಣವ್ವ ಅದನ್ನು ಮುಕುಂದನ ಕೈಗೆ ಕೊಡಲಿಲ್ಲ, ನಾಲ್ಕನೇ ಇಯತ್ತೆಯ ಓದಿನಲ್ಲಿ ಅಕ್ಷರ ಅಕ್ಷರ ಹಿಡಿದು ತಾನೇ ಗಟ್ಟಿಯಾಗಿ ಓದಿದಳು. ಬುತ್ತಿ ಕಟ್ಟೆಯ ಮೂಲಕ, ಕೈಯಿಂದ ಕೈಗೆ ಹೋಗುವ ಡಬ್ಬಿಗಳಿಗೆ ನಿಷೇಧ ಇಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗ ನಿಲ್ದಾಣಗಳಲ್ಲೂ ಇದೇ ಕ್ರಮ ಜಾರಿ. ಅಲ್ಲಿಯ ಸಿಬ್ಬಂದಿಗೆ ತರಬೇತಿ ಕೊಡುವವರು: ಕೃಷ್ಣವ್ವ.

ಕೊನೆಯ ಹೆಸರಿನ ಮೇಲೆ ಬೆರಳು ನಿಂತಿತು. ಮೈಕಿಗೆ ನಾಚಿಕೆ ತರುತ್ತಿದ್ದ ಆ ದನಿ ಮೊದಲ ಸಲ ಹೊರಗೆ ಬರಲಿಲ್ಲ. ಲಗಮಣ್ಣ ಬಸ್ಸಿನ ಗಂಟೆಯ ಹಗ್ಗ ಹಿಡಿದು ಜಗ್ಗಿದ, ಒಂದಲ್ಲ, ಎರಡಲ್ಲ, ಡ್ರೈವರು ಬೈಯುವ ತನಕ. ತಾಯಂದಿರು ಕುಂದಾ ಹಂಚಿಕೊಂಡರು.

ಕೃಷ್ಣವ್ವ ಕಣ್ಣೊರೆಸಿಕೊಂಡು, ಡಬ್ಬಿಯನ್ನು ನಲ್ಲಿಯ ಕೆಳಗೆ ತೊಳೆದು ತಂದು ಸೋಮವ್ವನ ಮುಂದೆ ಹಿಡಿದಳು. ಸೋಮವ್ವ ಟಾವೆಲು ಬಿಚ್ಚಿ ರೊಟ್ಟಿ ಜೋಡಿಸಿ, ಬದನೆಕಾಯಿ ಎಣ್ಣೆಗಾಯಿ ಸುರಿದು, ಮುಚ್ಚಳ ಒತ್ತಿ, ನಾಲ್ಕು ಚುಂಗು ಸೇರಿಸಿ ಬಿಗಿದಳು. ಬಸ್ಸು ಹತ್ತಿದ್ದ ಗೌತಮ ಕಿಟಕಿಯಿಂದ ಕೈ ಚಾಚಿದ.

"ನಿನ್ನ ಕೈಯಾಗ ಅಲ್ಲೋ," ಅಂದಳು ಕೃಷ್ಣವ್ವ. ಡಬ್ಬಿಯ ಮೇಲೆ ಒಮ್ಮೆ ಅಂಗೈ ಆಡಿಸಿ, ಅದನ್ನು ಲಗಮಣ್ಣನ ಕೈಗೇ ಕೊಟ್ಟಳು. ಬಿಸಿಯಾಗಿತ್ತು.